ಮುನ್ನೂರ ನಲವತ್ತು ಮೀಟರ್

ಟೇಪಿನ ಒಂದು ತುದಿ ನನ್ನ ಕೈಯಲ್ಲಿ.
ಇನ್ನೊಂದನ್ನು ಹಿಡಿದು ವಾಚರ್ ಚಾತ
ಲಂಟಾನ ಪೊದೆಯೊಳಗೆ ಮಾಯ.
"ಸಿಕ್ತಾ?" ಅಂತ ಕೂಗಿದೆ.
"ಕಂದಕ ಇಲ್ಲ ಮೇಡಂ, ಲದ್ದಿ ಉಂಟು."

ಮಾಲ್ದಾರೆಯ ಈ ಅಂಚಿನಲ್ಲಿ
ಅಳತೆ ಪುಸ್ತಕ ಹೇಳುವ ಆನೆಕಂದಕ
ಸಾವಿರದ ಇನ್ನೂರು ಮೀಟರ್ ಉದ್ದ,
ಮೂರು ಅಗಲ, ಮೂರು ಆಳ,
ಎರಡು ಸಹಿ, ಒಂದು ಸೀಲು.
ಮಾರ್ಚ್ ಮೂವತ್ತೊಂದು, ರಾತ್ರಿ ಹನ್ನೊಂದೂ ನಲವತ್ತಕ್ಕೆ
ಬಿಲ್ಲು ಪಾಸು.
ನೆಲದ ಮೇಲೆ ಎಂಟುನೂರ ಅರವತ್ತು.

ಉಳಿದದ್ದು ಎಲ್ಲಿ ಇಲ್ಲ ಎಂದು
ನನಗಿಂತ ಮೊದಲೇ ಕಂಡುಹಿಡಿದವಳು ಒಂದು ಹೆಣ್ಣಾನೆ.
ಕೋರಂ ಬೇಡ, ನೋಟೀಸು ಬೇಡ,
ಮರಿಯನ್ನು ಮಗ್ಗುಲಿಗಿಟ್ಟುಕೊಂಡು
ಕಾಗದದಲ್ಲಷ್ಟೇ ತೋಡಿದ ಜಾಗದ ಮೇಲೆ
ನೆಟ್ಟಗೆ ನಡೆದು ಬಂದಿದ್ದಾಳೆ,
ಕಾಲು ಕೆಸರಾಗದಂತೆ.

"ಮಳೆಗೆ ಮಣ್ಣು ಕುಸಿದು ಮುಚ್ಚಿತು" ಅಂದರು ಎಂಜಿನಿಯರು.
ಕುಸಿಯುತ್ತದೆ, ಈ ಜಿಲ್ಲೆಯಲ್ಲಿ ಗುಡ್ಡವೇ ಕುಸಿದಿದೆ,
ನಾನು ಇಲ್ಲವೆನ್ನಲಾರೆ.
ಆದರೆ ಕಂದಕಕ್ಕೆ ಎರಡು ವರ್ಷ,
ಅದರ ನಟ್ಟನಡುವೆ ಬೆಳೆದ ಲಂಟಾನದ ಬುಡ
ನನ್ನ ಮುಂಗೈಯಷ್ಟು ದಪ್ಪ.

ಮಧ್ಯಾಹ್ನ ಗ್ರಾಮಸಭೆ.
"ತೆರಿಗೆ ಕಟ್ಟುವವರು ಮೊದಲು ಮಾತಾಡಿ" ಅಂದರು ಅಧ್ಯಕ್ಷರು.
ತೋರೆಯಂಡ ಮೊಣ್ಣಪ್ಪ ಎದ್ದರು:
"ಜಮ್ಮ ಭೂಮಿಗೆ ನಮ್ಮಜ್ಜ ಅರ್ಧ ಕಂದಾಯ ಕಟ್ಟಿದ,
ಮಿಕ್ಕರ್ಧಕ್ಕೆ ಕೋವಿ ಹಿಡಿದು ಕಾವಲು ನಿಂತ.
ಈಗ ಕೈಲಿ ಕೋವಿ ಬೇಡ, ಪೂರ್ತಿ ಕಟ್ಟು ಅನ್ನುತ್ತೀರಿ,
ಆನೆ ಬಂದರೆ ಪಟಾಕಿ ಕೊಡುತ್ತೀರಿ."
ಸಿದ್ದಾಪುರದ ಹಾರ್ಡ್‌ವೇರ್ ಉಸ್ಮಾನ್ ಕುಟ್ಟಿ:
"ರಿಟರ್ನು ಒಂದು ದಿನ ತಡವಾದರೆ ನನಗೆ ದಂಡ.
ಕಂದಕ ಎರಡು ವರ್ಷ ತಡವಾಯಿತು, ದಂಡ ಯಾರಿಗೆ?"
ಕಾಲೇಜಿನ ಹುಡುಗನೊಬ್ಬ
ಬಜೆಟ್ಟನ್ನು ಸೊನ್ನೆಯಿಂದ ಬರೆಯಬೇಕೆಂದ.
"ಬರಿ ಮಗ, ನಮ್ಮ ಆಸ್ಪತ್ರೆಗೆ ಆಗಲೇ ಬರೆದಿದ್ದಾರೆ ಸೊನ್ನೆ"
ಹಿಂದಿನ ಬೆಂಚು ನಕ್ಕಿತು.
ಕೋಳಿಯನ್ನು ಕೇಳಿ ಮಸಾಲೆ ಅರೆದ ಸರ್ಕಾರವಿಲ್ಲ,
ಸರಿ, ಆದರೆ
ಸಾರು ಯಾರ ಎಲೆಗೆ ಬಿತ್ತು ಎಂದಾದರೂ ಕೇಳಬಹುದಲ್ಲ?
ಇದು ನಾನು ಮನಸ್ಸಿನಲ್ಲಿ ಅಂದದ್ದು. ನಡಾವಳಿಯಲ್ಲಿಲ್ಲ.

ಚಹಾ ಬಂತು. ಅರ್ಧ ಸಭೆ ಹೊರಗೆ ಹೋಯಿತು.
ಆಗ ಲೈನ್‌ಮನೆಯ ಎರವರ ಬೊಳ್ಳಿ
ಸೊಂಟದ ಗಂಟು ಬಿಚ್ಚಿ
ಸೋಪಿನ ಕಾಗದವೊಂದನ್ನು ನನ್ನ ಮೇಜಿನ ಮೇಲೆ ನೀವಿದಳು.
"ಎಲ್ಲ ತೆರಿಗೆ ಸೇರಿ ಅಂತ ಇದರಲ್ಲಿ ಬರೆದದೆಯಂತೆ,
ಮೊಮ್ಮಗಳು ಓದಿದಳು.
ಹಾಗಾದರೆ ನಾನೂ ಕಟ್ಟಿದೆ.
ಆ ಗುಂಡಿಯಲ್ಲಿ ನನ್ನದು ಎಷ್ಟು ಗೇಣು?"

ನನ್ನ ನಮೂನೆಯಲ್ಲಿ ಹದಿನಾಲ್ಕು ಅಂಕಣ.
ಒಂದರಲ್ಲೂ ಗೇಣಿಗೆ ಜಾಗವಿಲ್ಲ.

ಸಂಜೆ ಮಡಿಕೇರಿ ಬಸ್ಸು, ಕಿಟಕಿಯ ಸೀಟು.
ಆಕ್ಷೇಪಣೆ ಹದಿನೇಳು ಬರೆದು ಮುಗಿಸಿದ್ದೇನೆ.
ಉತ್ತರ ಬರುತ್ತದೆ ಆರು ತಿಂಗಳಿಗೆ,
"ಮಾಹಿತಿ ಕ್ರೋಢೀಕರಿಸಲಾಗುತ್ತಿದೆ" ಎಂದು.
ಅಷ್ಟರಲ್ಲಿ ಇದೇ ಕಂದಕ
ಹೊಸ ಅಂದಾಜುಪಟ್ಟಿಯಲ್ಲಿ ಇನ್ನೂ ಸ್ವಲ್ಪ ಉದ್ದವಾಗಿರುತ್ತದೆ.
ನನ್ನದೇ ಪ್ರಯಾಣಭತ್ಯೆಯ ಹಾಳೆ ತೆಗೆದೆ:
ಎಲ್ಲರೂ ಜೀಪು ಎಂದೇ ಬರೆಯುವ ಜಾಗ.
ಪೆನ್ನು ಒಂದು ಗಳಿಗೆ ನಿಂತಿತು, ಸುಳ್ಳೇಕೆ ಹೇಳಲಿ.
ಬಸ್ಸು ಎಂದು ಬರೆದೆ.

ಆಮೇಲೆ ಮೊಬೈಲಿನಲ್ಲಿ ಲೆಕ್ಕ ಹಾಕಿದೆ,
ಕಂದಕದ ಮೀಟರಿನ ದರ, ಸೋಪಿನ ಮೇಲಿನ ತೆರಿಗೆ,
ಕೇಂದ್ರಕ್ಕೆ ಹೋಗುವ ಪಾಲು ಕಳೆದು.
ಒಂದು ಸೋಪಿಗೆ ಬಂದದ್ದು
ಉಗುರಿನ ಅಂಚಿನಷ್ಟು ನೆಲ, ಅದೂ ಪೂರ್ತಿ ಇಲ್ಲ.
ಅವಳು ಎಷ್ಟು ವರ್ಷದಿಂದ ಬಟ್ಟೆ ಒಗೆಯುತ್ತಿದ್ದಾಳೆ
ಎಂದು ಕೇಳುವುದನ್ನು ಮರೆತಿದ್ದೆ.
ಹಾಳೆಯ ಬದಿಗೆ ಪೆನ್ಸಿಲಿನಲ್ಲಿ
ಬೊಳ್ಳಿ ಎಂದು ಬರೆದು
ಮುಂದೆ ಖಾಲಿ ಬಿಟ್ಟೆ.