ಮೆಟ್ಟಿಲ ಮೇಲಿನ ಮೆಷಿನ್ನು

ರಿವರ್ ರೋಡಿನ ಹಳೆಯ ಗೋದಾಮು, ನಾಲ್ಕನೆಯ ಮಹಡಿ.
ಬಾಗಿಲ ಬಳಿ ನಾನು. ಬಂದವರ ಮಣಿಕಟ್ಟಿಗೆ
ನೇರಳೆ ಮೊಹರು ಒತ್ತುವುದು ನನ್ನ ಕೆಲಸ.
ಆರು ಮೆಟ್ಟಿಲು ಕೆಳಗೆ ಮುಥೇವು,
ಅವಳ ಕೈಮೆಷಿನ್ನು, ಗುಂಡಿ ತುಂಬಿದ ಬಿಸ್ಕತ್ತು ಡಬ್ಬಿ,
ಹಣೆಗೆ ಕಟ್ಟಿಕೊಂಡ ಟಾರ್ಚು.

ಶುಕ್ರವಾರ ರಾತ್ರಿ ನೈರೋಬಿ
ತಾನೇ ಹೊಲಿದುಕೊಂಡದ್ದನ್ನು ತೊಟ್ಟು ಬರುತ್ತದೆ.
ಗಿಕೊಂಬ ಸಂತೆಯಲ್ಲಿ ಮೂಟೆ ಬಿಚ್ಚಿದಾಗ
ಮೊದಲು ಕೈ ಹಾಕಿದವರಿಗೆ ಸಿಕ್ಕ ಕೋಟು
(ಯಾವುದೋ ಚಳಿದೇಶದವನು ಬಿಟ್ಟದ್ದು,
ಒಳಜೇಬಿನಲ್ಲಿ ಇನ್ನೂ ಅವನ ಟ್ರಾಮ್ ಚೀಟಿ)
ಈಗ ಚೆಲಾಂಗಟಳ ಮೈಮೇಲೆ, ತೋಳು ಕತ್ತರಿಸಿ,
ಬೆನ್ನಿಗೆ ಕಿಟಕಿಪರದೆಯ ರೆಕ್ಕೆ.
ಒಬ್ಬ ಸೊಳ್ಳೆಪರದೆಯನ್ನೇ ಲಂಗ ಮಾಡಿದ್ದಾನೆ.
ಇನ್ನೊಬ್ಬಳ ಕಿವಿಗೆ ಟೆಲಿಫೋನ್ ತಂತಿ.
ಏನಿದು ಅಂತ ನಾನು ಕೇಳುವುದಿಲ್ಲ.
ಮೊಹರು ಒತ್ತುತ್ತೇನೆ. ಹೋಗಿ, ಹೋಗಿ.

ನನ್ನದು ಕಪ್ಪು ಅಂಗಿ.
ಬಾಗಿಲವನಿಗೆ ಫ್ಯಾಷನ್ ಯಾಕೆ ಎಂದಿದ್ದ ಮಾಲೀಕ.
ಒಳಗೆ, ಯಾರಿಗೂ ಕಾಣದಲ್ಲಿ,
ಮುಥೇವು ಕೆಂಪು ಅಸ್ತರು ಹಾಕಿಕೊಟ್ಟಿದ್ದಾಳೆ.

ಹೊಸ ಬಟ್ಟೆಗೆ ಕನ್ನಡಿ ಗೊತ್ತು,
ಕುಣಿತ ಗೊತ್ತಿಲ್ಲ.
ಒಂದು ಗಂಟೆಗೆ ಶುರು:
ಕಂಕುಳ ಬಿರಿದವರು, ಝಿಪ್ಪು ಕೈಕೊಟ್ಟವರು,
ತೊಡೆ ತನಕ ಹರಿದು, ಎರಡೂ ಕೈಯಲ್ಲಿ
ಮಾನ ಹಿಡಿದುಕೊಂಡು ಓಡಿ ಬರುವವರು.
ಮುಥೇವು ತಲೆ ಎತ್ತುವುದಿಲ್ಲ. "ತಿರುಗು."
ತಿರುಗುತ್ತಾರೆ, ಶಾಲೆಯ ಅಂಗಿಗೆ ಅಳತೆ ಕೊಡುವ
ಮಕ್ಕಳ ಹಾಗೆ ಕೈ ಎತ್ತಿ.
ಹೊಲಿಗೆಗೆ ಐವತ್ತು ಶಿಲ್ಲಿಂಗ್. ಗುಂಡಿಗೆ ಇಪ್ಪತ್ತು.
ಕುಡಿದವರಿಗೆ ಎರಡರಷ್ಟು; ನೆಟ್ಟಗೆ ನಿಲ್ಲುವುದಿಲ್ಲ ಅಂತ.

ನಾಲ್ಕು ವರ್ಷವಾಯಿತು, ಅವಳು ಒಳಗೆ ಕಾಲಿಟ್ಟಿಲ್ಲ.
"ಒಳಗೇನಿದೆ?" ಎಂದಳು ಒಮ್ಮೆ,
"ನಾನು ಹೊಲಿದದ್ದು ಹರಿಯುವುದನ್ನು ನೋಡಲೆ?"
ಹಾಡುಗಳೆಲ್ಲ ಅವಳಿಗೆ ಗೋಡೆ ದಾಟಿ ಬಂದಷ್ಟೇ.
ಗೋಡೆ ದಾಟುವುದು ಬೇಸ್ ಒಂದೇ.
ಉಳಿದದ್ದನ್ನು, ಹೆಣ್ಣುದನಿ, ಗೆಜ್ಜೆ, ಚಪ್ಪಾಳೆ,
ಇಟ್ಟಿಗೆ ಸೋಸಿ ಇಟ್ಟುಕೊಳ್ಳುತ್ತದೆ.
ಸಿಕ್ಕಿದಷ್ಟಕ್ಕೆ ಅವಳು ತನ್ನದೇ ಹೆಸರಿಟ್ಟಿದ್ದಾಳೆ:
ಮೇಲಿನ ಮನೆಯವ ಮಂಚ ಎಳೆಯುವುದು.
ಲಾರಿ ಹತ್ತಲಾರದ ದಿಣ್ಣೆ.
ಅಮ್ಮ ಮೆಕ್ಕೆಜೋಳ ಕುಟ್ಟುವುದು.
ಅಮ್ಮನ ಒನಕೆ ಬಂದಾಗ ಮಾತ್ರ
ಎಡಗಾಲ ಹೆಬ್ಬೆರಳು ತುಸು ಅಲುಗುತ್ತದೆ.
ನೋಡಿದ್ದೇನೆ.

ಒಳಗೆ ಹಾಡು ಹಾಕುವ ಒಡೆರಾ
ಹೋದ ತಿಂಗಳು ಕಾಲರು ಹೊಲಿಸಲು ಬಂದು
ಮೆಷಿನ್ನಿನ ಪಕ್ಕ ಫೋನು ಇಟ್ಟ.
"ಏನದು?"
"ಟೈಮು ನೋಡೋಕೆ."
ಸುಳ್ಳ. ಹನ್ನೆರಡು ನಿಮಿಷ ಇಟ್ಟಿದ್ದ,
ಒಮ್ಮೆಯೂ ನೋಡಲಿಲ್ಲ.

ನಿನ್ನೆ, ಎರಡೂವರೆ.
ಯಾರೋ ಹೊರಬರಲು ಬಾಗಿಲು ತೆರೆದೆ.
ಒಳಗಿಂದ: ಟಕಟಕ ಟಕಟಕ ಟರ್ರ್,
ನಡುವೆ ಒಂದು ಎಡವು.
ಆ ಎಡವು ನನಗೆ ಗೊತ್ತು,
ಹಲ್ಲು ಸವೆದ ಅವಳ ಚಕ್ರದ್ದು.
ಮುನ್ನೂರು ಜನ ಆ ಎಡವಿಗೇ ಕಾದು
ಒಟ್ಟಿಗೆ ಹಾರುತ್ತಿದ್ದರು.
ಸೊಳ್ಳೆಪರದೆ, ಟೆಲಿಫೋನ್ ತಂತಿ, ಚಳಿದೇಶದ ಕೋಟು,
ಬೆವರಲ್ಲಿ ನೆನೆದ ತೇಪೆಗಳೆಲ್ಲ
ತಮ್ಮನ್ನು ಹೊಲಿದ ಸದ್ದಿಗೆ.

ಬಾಗಿಲು ಹಿಡಿದು ನಿಂತೆ. ತುಸು ಹೆಚ್ಚೇ ನಿಂತೆ.
ಕೆಳಗೆ ಅವಳು ಯಾರದೋ ಪ್ಯಾಂಟಿನ ಅಂಚಿಗೆ
ಚಕ್ರ ತಿರುಗಿಸುತ್ತಿದ್ದಳು.
ಆ ಸದ್ದಿನಲ್ಲಿ
ಅದರದೇ ಸದ್ದು ಹೇಗೆ ಕೇಳಿಸೀತು?
"ಮುಚ್ಚು," ಎಂದಳು, "ಹೊಗೆ ಬರುತ್ತಿದೆ.
ಇದು ಬಿಳಿ ಬಟ್ಟೆ."

ಮುಚ್ಚಿದೆ.

ಐದಕ್ಕೆ ಮೊದಲ ಮಟಾಟು,
ಹಸಿರು ದೀಪದ ಮಾಲೆ, ಒಳಗೆ ಒಬ್ಬನೂ ಇಲ್ಲ.
ಮೆಟ್ಟಿಲ ತುಂಬ ದಾರದ ತುಣುಕು.
ಒಡೆರಾ ಇಳಿದು ಬಂದು
ಎರಡು ಮಂದಾಜಿ, ಒಂದು ಲೋಟ ಚಹಾ
ಅವಳ ಮುಂದಿಟ್ಟು ಸುಮ್ಮನೆ ನಿಂತ.
ಬಾಯಿ ತೆರೆದ, ಮುಚ್ಚಿದ.
ಅವಳು ದಾರ ಹಲ್ಲಲ್ಲಿ ಕಡಿದು
ಟಾರ್ಚನ್ನು ಅವನ ಕುತ್ತಿಗೆಗೆ ಬಿಟ್ಟಳು.
"ಕಾಲರು ಮತ್ತೆ ಬಿಚ್ಚಿದೆ," ಎಂದಳು.
"ತಿರುಗು."