ಅರ್ಧ ಗೀಟು ಪಾದರಸ

ಅಬ್ಬಾ ಕೋಟೆಯ ಮಣ್ಣನ್ನು ನಾಲಿಗೆಯ ತುದಿಗಿಟ್ಟು ನೋಡುತ್ತಾನೆ.
ಬಿಸಿಲು ಮಳೆ ತಾಗದ, ಹಳೇ ಗೋಡೆಯ ಬುಡದ ಮಣ್ಣು.
ಸಪ್ಪಗಿದ್ದರೆ ಉಗಿಯುತ್ತಾನೆ, ಚುರ್ರೆಂದರೆ ಚೀಲಕ್ಕೆ ತುಂಬುತ್ತಾನೆ.
ನವಸಾಗರ ಕಲಸಿ, ಕಾಯಿಸಿದ ಸುರಾಹಿಗೆ ತಿಕ್ಕಿದರೆ
ಸತು ಕಪ್ಪಾಗುತ್ತದೆ,
ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಆ ನಾಲಿಗೆಗೆ ಹುಲಸೂರೆ ಮೇಡಂ ಹೇಳಿದ್ದಾರೆ:
"ಮರ್ಜಾನ್ ಸಾಹೇಬ್ರ, ದಿನಕ್ಕ ಒಂದು ಚಮಚಾ ಉಪ್ಪು. ಸಣ್ಣ ಚಮಚಾ.
ಹಪ್ಪಳ ಬ್ಯಾಡ. ಶೇಂಗಾ ಹಿಂಡಿ ಸಪ್ಪಗ ಮಾಡಸ್ರಿ."
ಮೂರು ಗುಳಿಗೆ ನುಂಗಿಯೂ
ನೂರ ಎಪ್ಪತ್ತೆರಡು, ನೂರ ನಾಲ್ಕು.
ತೋಳಿಗೆ ಪಟ್ಟಿ ಸುತ್ತಿದವಳು ನಾನೇ,
ಹದಿನಾಲ್ಕನೇ ನಂಬರ್ ಕೋಣೆಯಲ್ಲಿ
ರಬ್ಬರ್ ಬುರುಡೆ ಹಿಂಡಿ ಸಂಬಳ ಎಣಿಸುವವಳು.

ದಾದಿಮಾ ಸನೋಬರ್‌ಬೀ ಹಿಟ್ಟು ನಾದುತ್ತ ಕೂತಲ್ಲೇ
ಬಾಯಿ ಸೊಟ್ಟಗಾಯಿತು, ಐವತ್ತೊಂದಕ್ಕೆ.
"ಗಾಳಿ ಹೊಡೀತು" ಅಂದಿತು ಓಣಿ.
ಅವಳ ತಮ್ಮನಿಗೆ ಕಿಡ್ನಿ. ಫುಪ್ಪುಗೆ ಮೂವತ್ತಾರಕ್ಕೇ.
ನಮ್ಮಲ್ಲಿ ಗಾಳಿ ಮನೆಯ ವಿಳಾಸ ಕೇಳಿಕೊಂಡೇ ಬರುತ್ತಿತ್ತು.

ಹೈದರಾಬಾದಿನಿಂದ ರಕ್ತ ಕೇಳುವವರು ಬಂದರು,
ಐಸಿನ ಡಬ್ಬಿ, ನೇರಳೆ ಮುಚ್ಚಳದ ಟ್ಯೂಬು, ಎಂಟು ಪುಟದ ಫಾರ್ಮು.
"ಮೂಲ ಎಲ್ಲಿ? ಆಫ್ರಿಕಾದ ಯಾವ ಕಡೆ?" ಅಂದ ಹುಡುಗ.
ಅಬ್ಬಾ ತೋಳು ಚಾಚಿದವನೇ,
"ಚೌಬಾರಾದ ಹಿಂದ. ಬರಕೋರಿ."

ಹಬ್ಶಿ ಕೋಟೆಯ ಗುಡ್ಡದ ಮೇಲೆ ಗೋರಿಗಳಿವೆ.
ಅವು ದೊಡ್ಡವರವು.
ನಮ್ಮವರು ಬಾಗಿಲು ಕಾದವರೆನ್ನುತ್ತಿದ್ದಳು ದಾದಿಮಾ,
ಕಾದವರಿಗೆ ಯಾರು ಗುಮ್ಮಟ ಕಟ್ಟುತ್ತಾರೆ?
ಯಾವ ಹಡಗೋ, ಯಾವ ರೇವೋ, ಅವಳಿಗೂ ತಿಳಿಯದು.
ತಿಳಿದದ್ದು ಇಷ್ಟೇ: ಉಂಡ ಉಪ್ಪಿಗೆ ಎರಡು ಬಗೆಯಬಾರದು.
ನಾವು ಬಗೆಯಲಿಲ್ಲ.
ಉಂಡದ್ದನ್ನು ನೆತ್ತರಿನಿಂದ ಇಳಿಯಗೊಡದೆ ಹಿಡಿದುಕೊಂಡೆವು.

ಮೇಡಂಗೆ ಕೇಳಿದೆ ಒಂದು ಮಧ್ಯಾಹ್ನ, ರೋಗಿಗಳು ಕರಗಿದ ಮೇಲೆ:
ಹಡಗಿನ ತಳದಲ್ಲಿ ನೀರಿಲ್ಲದೆ ಬೆವರಿ ಸತ್ತವರು ಸತ್ತು,
ಉಪ್ಪು ಬಿಡದ ಮೈಗಳಷ್ಟೇ ದಡ ಸೇರಿದವಂತೆ, ಹೌದೇ?
ಅವರು ಕನ್ನಡಕ ತೆಗೆದು ಸೆರಗಿಗೆ ಒರೆಸಿದರು.
"ಕತಿ ಚಂದ ಅದ. ಪುರಾವೆ ತೆಳ್ಳಗ ಅದ.
ಒಂದು ಜೀನ್ ಅಲ್ಲವಾ, ನೂರಾರು.
ಒಂದೊಂದು ಪಾದರಸ ನೂಕೋದು ಅರ್ಧ ಗೀಟು, ಅಷ್ಟೂ ಇಲ್ಲ.
ಹಂಗ ನೂಕೋವು ನನ್ನ ಮೈಯಾಗೂ ಅದಾವ.
ಮ್ಯಾಲ ಉಪ್ಪು, ನಿದ್ದಿಗೇಡು, ಬಾಡಗಿ ಮನಿ,
ಮಂದಿ ನೋಡೋ ನೋಟ.
ಅದನ್ನ ತುಂಬಲಿಕ್ಕ ಟ್ಯೂಬ್ ಕೊಟ್ಟಿಲ್ಲ ನಮಗ."

ಭಾಲ್ಕಿ ಬಸ್ಸು ನೆನಪಾಯಿತು.
ಕಂಡಕ್ಟರ್ ನನ್ನೊಡನೆ ಇಂಗ್ಲಿಷ್ ಆಡಿದ, ಮೆಲ್ಲಗೆ, ಮಗುವಿಗೆ ಆಡಿದ ಹಾಗೆ.
"ಅಣ್ಣಾ, ಮೂರು ರೂಪಾಯಿ ಚಿಲ್ರಿ ಕೊಡೋದದ" ಅಂದೆ.
ಬಸ್ಸೇ ತಿರುಗಿ ನೋಡಿತು.
ಆ ಹೊತ್ತು ಎಷ್ಟು ಗೀಟು?

ರಾತ್ರಿ ಪಾಳಿ ಮುಗಿದಾಗ ನನ್ನ ತೋಳಿಗೇ ಪಟ್ಟಿ ಸುತ್ತಿಕೊಂಡೆ.
ಮೂವತ್ಮೂರು ನನಗೆ. ಬುರುಡೆ ಹಿಂಡಿದೆ. ಕಿವಿಯಲ್ಲಿ ಏನೂ ಇಲ್ಲ.
ಗಾಳಿ ಬಿಟ್ಟೆ,
ನೂರ ನಲವತ್ತೆಂಟರಲ್ಲಿ ಯಾರೋ ಬಾಗಿಲು ತಟ್ಟಿದರು.
ತಟ್ಟಿದರು, ತಟ್ಟಿದರು,
ತೊಂಬತ್ತಾರಕ್ಕೆ ಹೊರಟುಹೋದರು.
ಪುಸ್ತಕದಲ್ಲಿ ಬರೆದೆ. ಹೆಸರಿನ ಜಾಗದಲ್ಲಿ ಮೊದಲು ಅಬ್ಬಾನ ಹೆಸರು ಬರೆದು
ಹೊಡೆದುಹಾಕಿದೆ.

ವರದಿ ಬರಲು ಇನ್ನೂ ವರ್ಷವಂತೆ.
ಬೆಳಿಗ್ಗೆ ಮನೆಗೆ ಬಂದಾಗ ಅಬ್ಬಾ ಅಂಗಳದಲ್ಲಿ ಚೀಲ ಬಿಚ್ಚಿ ಕೂತಿದ್ದ,
ಚಿಟಿಕೆ ಮಣ್ಣು ಬೆರಳಲ್ಲಿ.
ನನ್ನನ್ನು ಕಂಡು ಕೈ ತಡೆದ,
ಕಳ್ಳ ಹುಡುಗನ ಹಾಗೆ ನಕ್ಕ:
"ಇದು ಲೆಕ್ಕಕ್ಕ ಬರಂಗಿಲ್ಲಲ್ಲ, ಬೇಟಿ?"
ನಾನೂ ಒಂದು ಚಿಟಿಕೆ ತೆಗೆದುಕೊಂಡೆ.
ಚುರ್ರೆಂದಿತು.