ಕೊಸರು

ಮಲೇಗ್ ಬಂದರಿನ ಐಸ್ ಕಾರ್ಖಾನೆಯ ಮಾಡಿನ ಮೇಲೊಂದು ಬಿಳಿ ತಟ್ಟೆ,
ಎಗ್ ದ್ವೀಪದ ದಿನ್ನೆಯಲ್ಲಿ ಇನ್ನೊಂದು.
ನಡುವೆ ಬರೀ ಉಪ್ಪುನೀರು.
ಉಬ್ಬರ ಏರಿದಾಗ
ನೆಟ್ಟಗೆ ಬಂದ ಅಲೆಯೂ, ನೀರಿಗೆ ಬಡಿದು ಬಂದ ಅಲೆಯೂ
ದಾಯಾದಿಗಳ ಹಾಗೆ ಎದುರಾಗಿ
ಒಂದನ್ನೊಂದು ಅಳಿಸಿಹಾಕುತ್ತವೆ.

ಟಾರ್ಮಡ್ ನನಗೆ ಫೋನು ಮಾಡುವುದು ಆಗಲೇ.
"ತಿಂಗಳಿಗೆ ಮೂವತ್ತು ಪೌಂಡು ಎಣಿಸುತ್ತೇನೆ, ಎಣಿಸುತ್ತೇನೆ.
ನೀರು ಏರಿದರೆ ನಿಮ್ಮ ವೇಗ ಅರ್ಧ.
ದುಡ್ಡೂ ಅರ್ಧ ಕೊಡಲೇ, ಕೊಡಲೇ?"
ಪಾರ್ಶ್ವವಾಯು ಬಡಿದ ಮೇಲೆ ಅವನ ನಾಲಿಗೆ
ಮಾತಿನ ಬಾಲವನ್ನು ಎರಡು ಸಲ ಹಿಡಿದೆಳೆಯುತ್ತದೆ.

ಏನಂತ ಹೇಳಲಿ.
ತಿಪಟೂರಿನಲ್ಲಿ ಶೇಂಗಾ ಮಾರುತ್ತಿದ್ದ ಸಿದ್ದಮ್ಮ
ಲಾಭ, ಎರಡು, ಮೂರು ಎಂದು ಅಳೆದು ಮುಗಿಸಿ
ಮೇಲೊಂದು ಹಿಡಿ ಸುರಿಯುತ್ತಿದ್ದಳು.
ದಾರಿಯಲ್ಲಿ ಚೆಲ್ಲಿದರೂ
ಮನೆಗೆ ಸೇರು ಸೇರಲಿ ಅಂತ.

ಗಾಳಿ ತಿಳಿಯಾದ ದಿನ ಈ ರೇಡಿಯೊ ಜಿಪುಣ ಶೆಟ್ಟಿ:
ಆರು ಬಿಟ್ಟಿನಲ್ಲಿ ಐದು ಸರಕು, ಒಂದೇ ಒಂದು ಕೊಸರು.
ಉಬ್ಬರಕ್ಕೆ ಅದೇ ಶೆಟ್ಟಿಯ ಕೈ ಧಾರಾಳ,
ಸರಕಿನಷ್ಟೇ ಕೊಸರು.
ಕೊಸರೆಂದರೆ ಅದೇ ಕಾಳು ಮತ್ತೊಮ್ಮೆ ಅಲ್ಲ, ಚಾಡಿ.
ಈ ಮೂವರನ್ನು ಕೂಡಿದರೆ ಸಮ ಬರಬೇಕು,
ಬೆಸ ಬಂತೋ, ಯಾರೋ ಸುಳ್ಳಾಡಿದ್ದಾರೆ.
ಇನ್ನೊಬ್ಬ ಚಾಡಿಕೋರನನ್ನೂ ಕೇಳು,
ಆಮೇಲೆ ಮತ್ತೊಬ್ಬನನ್ನು.
ಕಳ್ಳ ಸಿಗುತ್ತಾನೆ.

ಎಷ್ಟು ಕೊಸರು ಎಂದು ಮಲೇಗಿನ ತಟ್ಟೆಗೆ ತಾನಾಗಿ ತಿಳಿಯದು.
ಆಚೆಯದು ಹೇಳಬೇಕು, ನಿಮಿಷಕ್ಕೆ ಸಾವಿರ ಸಲ:
ಈಗ ಇಷ್ಟು ಕೇಳಿಸಿತು, ಈಗ ಇಷ್ಟು.
ಆ ವರದಿ ತಲುಪುವಷ್ಟರಲ್ಲಿ
ಸಮುದ್ರ ಆಗಲೇ ಬೇರೆಯಾಗಿರುತ್ತದೆ.

ಮಂಗಳವಾರ ದೋಣಿ ಹಿಡಿದು ಅವನ ಮನೆಗೇ ಹೋದೆ.
ಪರದೆಯ ಮೇಲೆ ಮಾತು ಕಲಿಸುವ ಹುಡುಗಿ
ಚೌಕ ಚೌಕವಾಗಿ ಒಡೆದು, ಕೊನೆಗೆ ಬರೀ ದನಿಯಾದಳು.
"ನೋಡು, ಮುಖ ಬಿಟ್ಟುಕೊಟ್ಟಿತು, ಮಾತು ಬಿಡಲಿಲ್ಲ" ಎಂದೆ.
ಟಾರ್ಮಡ್ ಒಪ್ಪಲಿಲ್ಲ. "ಮುಖಕ್ಕೂ ದುಡ್ಡು ಕೊಟ್ಟಿದ್ದೇನೆ. ಕೊಟ್ಟಿದ್ದೇನೆ."

ಒಳಗಿಂದ ಅವನ ತಂಗಿ ಇಶ್‌ಬೆಲ್ ಬಂದಳು.
ಬಾಗಿಲಲ್ಲೇ ನಿಂತು ಅವನ ಎಡಗೈ ನೋಡಿದಳು.
ಆ ದಿನ ಬೆರಳು ಮಡಚಿತ್ತು.
ಬಂದರಿನ ಸುದ್ದಿ, ಮಗ್ಡಾಳ ಕುರಿ, ಹೊಸ ಪಾದ್ರಿಯ ಜಗಳ
ಎಲ್ಲವನ್ನೂ ನುಂಗಿಕೊಂಡು
"ಟೀ" ಎಂದಳು.
ತಡೆದು, ಲೋಟ ಎತ್ತಿ ತೋರಿಸಿ, "ಟೀ. ಬಿಸಿ ಟೀ."
ಅವನು ತಲೆ ಆಡಿಸುವ ತನಕ ಕಾದಳು.

ನನ್ನ ಕಡೆ ತಿರುಗಿದಾಗ
ಬಾಯಿಗೆ ಬಂದದ್ದು ಕನ್ನಡ:
ಟೀಗೀ ಏನೂ ಬೇಡ.
ಅವಳಿಗೇನು ಕೇಳಿಸಿತೋ,
ಎರಡು ಚಮಚ ಸಕ್ಕರೆ ಹಾಕಿ ತಂದುಕೊಟ್ಟಳು.

ಸಂಜೆ ದಾಖಲೆ ಪುಸ್ತಕದಲ್ಲಿ ಬರೆದೆ:
೧೪:೧೦ರಿಂದ ೧೬:೫೫, ವೇಗ ಅರ್ಧ, ತಪ್ಪು ಸೊನ್ನೆ.
ದೂರುದಾರರಿಗೆ ಸಮಾಧಾನವಾಗಿಲ್ಲ.